ಇಬ್ಬರಿಗೊಬ್ಬ ಟ್ಯಾರಂಟ್

"ಸುಳ್ಳು ಹೇಳಬೇಡ ಲೈಲ್. ಆ ಇಬ್ಬರು ಹುಡುಗರು ನಿಜವಾಗ್ಲೂ ಅಷ್ಟು ಒಳ್ಳೆಯವರಾ?"

ಏಣಿಯ ಮೇಲೆ ನಿಂತು ಮೈದಾನದ ಬೇಲಿಗೆ ಹಸಿರು ಬಣ್ಣ ಬಳಿಯುತ್ತಿದ್ದ ಲೈಲ್ ಬ್ರಾಂಡ್‌ವೋಲ್ಡ್ ಬ್ರಶ್ಶನ್ನು ಡಬ್ಬಿಯೊಳಗೆ ಅದ್ದಿ ಅಲ್ಲೇ ಬಿಟ್ಟ. ಕೆಳಗೆ ಏಣಿ ಹಿಡಿದುಕೊಂಡಿದ್ದವರು ಆರ್ಡಿತ್ ಪೆಲ್ಕೋನೆನ್. ಮೂವತ್ತು ವರ್ಷ ಐರನ್ ಪಾಯಿಂಟ್ ಊರಿನ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾಗಿದ್ದ ಆಕೆ ಈಗ ಊರಿನ ಬೇಸ್‌ಬಾಲ್ ತಂಡ ಸ್ಟರ್ಜನ್ಸ್‌ನ ಅಧ್ಯಕ್ಷೆ. ತಂಡ ಯಾವ ಸಿರಿವಂತನದೂ ಅಲ್ಲ, ಊರಿನವರೇ ಷೇರು ಹಾಕಿ ಕಟ್ಟಿಕೊಂಡದ್ದು. ಹಾಗಾಗಿ ಬಣ್ಣ ಬಳಿಯುವುದು ಆಟಗಾರರ ಪಾಲಿಗೆ ಬಂದರೆ ಏಣಿ ಹಿಡಿಯುವುದು ಅಧ್ಯಕ್ಷೆಯ ಪಾಲಿಗೆ ಬರುತ್ತಿತ್ತು.

"ಯಾಕೆ ಟೀಚರ್? ಯಾರು ಏನಂದ್ರು?"

"ಬೆಲ್ ಹಾರ್ಬರಿನವರು ಗಸ್ ಟ್ಯಾರಂಟ್‌ನ ಕೊಡ್ತಾರಂತೆ."

ಲೈಲ್ ಏಣಿಯಿಂದ ಇಳಿದ. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಲಟಕ್ಕೆನ್ನುತ್ತಿತ್ತು. ಮೂವತ್ತೆಂಟು ವಯಸ್ಸಿನ ಆತ ತಂಡದ ಕ್ಯಾಚರ್. ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಒಂದೊಂದು ಚೆಂಡನ್ನೂ ಹಿಡಿಯುವ ಕೆಲಸವನ್ನು ಹದಿನೇಳು ವರ್ಷದಿಂದ ಮಾಡಿದವನು. ಮೊದಲ ಒಂಬತ್ತು ವರ್ಷ ದೇಶದ ತುಂಬ ಸಣ್ಣಪುಟ್ಟ ತಂಡಗಳಲ್ಲಿ, ಆಮೇಲಿನ ಎಂಟು ವರ್ಷ ಹುಟ್ಟೂರಿನಲ್ಲಿ. ಇದೇ ಕೊನೆಯ ಬೇಸಿಗೆ ಎಂದು ಡಾಕ್ಟರೂ ಹೇಳಿದ್ದರು, ಹೆಂಡತಿಯೂ ಹೇಳಿದ್ದಳು.

"ಟ್ಯಾರಂಟ್‌ನ? ಸುಮ್ನೆ ಕೊಡ್ತಾರಾ?"

"ಸುಮ್ನೆ ಯಾರು ಕೊಡ್ತಾರೆ? ಕೆಲ್ವಿನ್, ಟೋಬಯಸ್ ಇಬ್ಬರನ್ನೂ ಕೇಳ್ತಿದ್ದಾರೆ. ಈ ವರ್ಷ ಅವರಿಗೆ ಗೆಲ್ಲೋ ಆಸೆ ಇಲ್ಲ, ಮುಂದಿನ ವರ್ಷಕ್ಕೆ ಎಳೆಯರನ್ನ ಕೂಡಿಹಾಕ್ತಿದ್ದಾರೆ. ನಮಗೆ ಶುಕ್ರವಾರ ಮಧ್ಯಾಹ್ನ ಹನ್ನೆರಡರವರೆಗೆ ಟೈಮು. ಆಮೇಲೆ ಈ ಸೀಸನ್ನಿಗೆ ಅದಲುಬದಲು ಬಂದ್."

ಗಸ್ ಟ್ಯಾರಂಟ್ ಎಂದರೆ ಆ ಲೀಗಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಎಂಟು ವಾರದಲ್ಲಿ ಇಪ್ಪತ್ತಾರು ಸಲ ಚೆಂಡನ್ನು ಬೇಲಿಯಾಚೆ ಅಟ್ಟಿ ಹೋಮ್‌ರನ್ ಹೊಡೆದಿದ್ದ. ಸ್ಟರ್ಜನ್ಸ್‌ಗೆ ಬೇಕಾಗಿದ್ದದ್ದೂ ಅದೇ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಾಲ್ಕು ಸಲ ಫೈನಲ್‌ಗೆ ಹೋಗಿ ನಾಲ್ಕು ಸಲವೂ ಸೋತು ಬಂದ ತಂಡ ಅದು. ಕೊನೆಯ ಎರಡು ಸೋಲಿನಲ್ಲಿ ಲೈಲ್ ಕೂಡ ಇದ್ದ. ಈ ವರ್ಷ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದರು. ಎಸೆತಕ್ಕೆ ಕೊರತೆಯಿರಲಿಲ್ಲ, ಹೊಡೆತ ಮಾತ್ರ ಇಲ್ಲ.

"ಕಮಿಟಿಯಲ್ಲಿ ಏನಂತಾರೆ?"

"ನಾಲ್ಕು ಜನ ಕೊಟ್ಟುಬಿಡೋಣ ಅಂತಾರೆ, ನಾಲ್ಕು ಜನ ಬೇಡ ಅಂತಾರೆ. ಒಂಬತ್ತನೆಯವಳು ನಾನು." ಆರ್ಡಿತ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನಂಗೆ ಆಟ ನೋಡೋಕೆ ಬರುತ್ತೆ, ಪಿಚರ್‌ಗಳ ಒಳಗಿರೋದು ನೋಡೋಕೆ ಬರಲ್ಲ. ಅವರ ಚೆಂಡು ದಿನಾ ಹಿಡಿಯೋನು ನೀನು. ನೀನು ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲಾದೆ, ಆದ್ರೆ ಒಂದು ಸಲನೂ ಕಾಪಿ ಹೊಡೀಲಿಲ್ಲ. ಅದಕ್ಕೇ ನಿನ್ನ ಕೇಳ್ತಿದ್ದೀನಿ. ನೀನು ಹೇಳಿದ್ದೇ ನನ್ನ ಓಟು."

ಲೈಲ್ ಕೈಗೆ ಹತ್ತಿದ್ದ ಹಸಿರು ಬಣ್ಣ ಒರೆಸಿಕೊಂಡ. 'ಮುಂದೆ ಬರುವ ಹುಡುಗ' ಎಂಬ ಮಾತನ್ನು ಆತ ಎಷ್ಟು ಜನರ ಬಗ್ಗೆ ಕೇಳಿದ್ದನೋ! ಅಂಥ ಅರವತ್ತು ಜನರ ಚೆಂಡಾದರೂ ಅವನ ಅಂಗೈಗೆ ಬಡಿದಿತ್ತು. ಅವರಲ್ಲಿ ದೊಡ್ಡ ಲೀಗ್ ಮುಟ್ಟಿದವರು ಇಬ್ಬರು. ಉಳಿದವರು ಈಗ ಟ್ರಕ್ ಓಡಿಸುತ್ತಿದ್ದರು, ಛಾವಣಿ ಹಾಕುತ್ತಿದ್ದರು, ಇನ್ಶೂರೆನ್ಸ್ ಮಾರುತ್ತಿದ್ದರು. ಒಂದು ಕಾಲದಲ್ಲಿ ಅವನೂ ಮುಂದೆ ಬರುವ ಹುಡುಗನೇ.

"ನಾಳೆ ಸಂಜೆವರೆಗೆ ಟೈಮ್ ಕೊಡಿ ಟೀಚರ್. ನಾಳೆ ಬೆಲ್ ಹಾರ್ಬರ್ ಇಲ್ಲಿಗೇ ಬರುತ್ತಲ್ಲ. ಟ್ಯಾರಂಟ್ ಎದುರಿಗೇ ಇಬ್ಬರೂ ಎಸೀತಾರೆ. ನೋಡಿ ಹೇಳ್ತೀನಿ."

"ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದರು ಆರ್ಡಿತ್.

ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಮರುದಿನ ಬೆಳಗಿನ ಹೊತ್ತಿಗೆ ಸುದ್ದಿ ಊರಿಡೀ ಹಬ್ಬಿತ್ತು. ಬೇಕರಿಯ ಐನೋ ಅಂತೂ ಅಂದಿನ ಪ್ಯಾಸ್ಟಿಗಳ ಮೇಲೆ ಹಿಟ್ಟಿನಲ್ಲೇ ಗುರುತು ಹಾಕಿ ಬೇಯಿಸಿದ್ದಳು. ಟ್ಯಾರಂಟ್ ಬೇಕೆನ್ನುವವರಿಗೆ ಬ್ಯಾಟಿನ ಗುರುತು, ಹುಡುಗರು ಇರಲಿ ಎನ್ನುವವರಿಗೆ ಚೆಂಡಿನ ಗುರುತು. ಒಳಗೆ ಎರಡಕ್ಕೂ ಅದೇ ಮಾಂಸ, ಅದೇ ಆಲೂಗಡ್ಡೆ. ಹತ್ತು ಗಂಟೆಗೆ ಲೈಲ್ ಹೋಗುವಷ್ಟರಲ್ಲಿ ಬ್ಯಾಟಿನವು ಖಾಲಿಯಾಗಿ ಚೆಂಡಿನವು ಗಾಜಿನ ಹಿಂದೆ ರಾಶಿ ಬಿದ್ದಿದ್ದವು. ಹಸಿವಾಗಿತ್ತು, ಒಂದನ್ನು ಕೊಂಡು ಕಚ್ಚಿದ.

"ಓಹೋ! ಲೈಲ್ ಹುಡುಗರ ಪಾರ್ಟಿ!" ಎಂದು ಮೂಲೆಯ ಮೇಜಿನಿಂದ ಕ್ಷೌರದಂಗಡಿಯ ವಾಲ್ಟ್ ಕೂಗಿದ.

"ಇದೊಂದೇ ಉಳಿದಿದ್ದು ಮಾರಾಯ!"

"ಮನಸ್ಸಿನಲ್ಲಿರೋದು ಬಾಯಿಗೆ ಬಂತು ಬಿಡು. ನೋಡು, ಆ ಟೆಕ್ಸಸ್ ಹುಡುಗ ಚೆಂಡು ಎಸೆದರೆ ಅದು ಎಲ್ಲಿ ಹೋಗುತ್ತೆ ಅಂತ ದೇವರಿಗೂ ಗೊತ್ತಿರಲ್ಲ. ಹೋದ ವಾರ ನಮ್ಮ ಮ್ಯಾಸ್ಕಟ್, ಆ ಮೀನಿನ ವೇಷದವನ ತಲೆಗೇ ಬಿತ್ತು. ಇನ್ನೊಬ್ಬ ಬಾಯೇ ಬಿಡಲ್ಲ. ಅವರಿಬ್ಬರಿಗೆ ಟ್ಯಾರಂಟ್ ಸಿಗ್ತಾನೆ ಅಂದ್ರೆ ನಾವು ಹುಡುಗರ ಜೊತೆ ಬಸ್ ಚಾರ್ಜೂ ಕೊಟ್ಟು ಕಳಿಸಬೇಕು!"

ಬೇಕರಿ ನಕ್ಕಿತು. ಲೈಲ್‌ಗೂ ನಗು ಬಂತು. ವಾಲ್ಟ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮನೆಯಲ್ಲಾದರೂ ಹುಡುಗರ ಕಡೆಯವರು ಯಾರಾದರೂ ಇದ್ದಾರು ಎಂದು ನೋಡಿದರೆ, ಹೆಂಡತಿ ರೆನಾಟಾ ವಾಲ್ಟ್‌ಗಿಂತ ಒಂದು ಕೈ ಮೇಲು. ಶಾಲೆಯ ಬಸ್ಸು ಓಡಿಸುವವಳು. ಐವತ್ತು ಮಕ್ಕಳ ಗಲಾಟೆಯ ಮೇಲೆ ಮಾತಾಡಿ ರೂಢಿಯಾದ ಗಂಟಲು.

"ಇದರಲ್ಲಿ ಯೋಚನೆ ಮಾಡೋದು ಏನಿದೆ? ಎಂಟು ವರ್ಷದಿಂದ ದಿನಾ ನಿನ್ನ ಮೊಣಕಾಲಿಗೆ ಐಸ್ ಕಟ್ಟಿದ್ದೀನಿ. ಒಂದು ಕಪ್, ಒಂದೇ ಒಂದು ಕಪ್ ಎತ್ತಿ ಹಿಡಿಯೋದು ನೋಡಬೇಡ್ವಾ ನಾನು?"

"ಹುಡುಗರು ನಿಂಗೂ ಇಷ್ಟ ಅಲ್ವಾ? ಭಾನುವಾರ ಇಲ್ಲೇ ಉಣ್ತಾರೆ."

"ಇಷ್ಟಾನೇ. ಬೆಲ್ ಹಾರ್ಬರೇನು ಸಮುದ್ರದ ಆಚೆ ಇದ್ಯಾ? ನಲವತ್ತು ಮೈಲಿ. ಭಾನುವಾರ ಅಲ್ಲಿಂದಾನೇ ಬಂದು ಉಣ್ಲಿ. ಬೇಕಾದ್ರೆ ನಾನೇ ಬಸ್ಸಲ್ಲಿ ಕರ್ಕೊಂಡು ಬರ್ತೀನಿ."

"ನನ್ನನ್ನೂ ಮೂರು ಸಲ ಅದಲುಬದಲು ಮಾಡಿದ್ರು."

"ಗೊತ್ತು. ಸಾವಿರ ಸಲ ಹೇಳಿದ್ದೀಯ."

ಮೊದಲ ಸಲ ಒಬ್ಬ ಎಡಗೈ ಪಿಚರ್‌ಗೆ ಬದಲಾಗಿ ಅವನನ್ನು ಕೊಟ್ಟಿದ್ದರು. ಎರಡನೆಯ ಸಲ ಒಂದು ಚೆಂಡೆಸೆಯುವ ಯಂತ್ರಕ್ಕೂ ಎರಡು ಡಜನ್ ಬ್ಯಾಟಿಗೂ. ಅದನ್ನು ಲೈಲ್ ನಗುತ್ತಲೇ ಹೇಳುತ್ತಿದ್ದ. ಮೂರನೆಯದನ್ನು ಹೇಳುವಾಗ ಮಾತ್ರ ಅಷ್ಟು ನಗುತ್ತಿರಲಿಲ್ಲ. ಕಾನ್ಸಾಸ್‌ನ ಒಂದು ಮೋಟೆಲಿನಲ್ಲಿ ಬಟ್ಟೆಗಳನ್ನು ಮೆಷಿನ್ನಿಗೆ ಹಾಕಿ ಕೂತಿದ್ದಾಗ ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿ, ನಿನ್ನನ್ನು ಕೊಟ್ಟಾಯಿತು, ಬಸ್ಸು ಇಪ್ಪತ್ತು ನಿಮಿಷಕ್ಕೆ ಎಂದಿದ್ದ. ಒದ್ದೆ ಬಟ್ಟೆಗಳನ್ನು ಕಸದ ಚೀಲಕ್ಕೆ ತುರುಕಿಕೊಂಡು ಲೈಲ್ ಹೊರಟಿದ್ದ. ಹನ್ನೊಂದು ಗಂಟೆಯ ಪ್ರಯಾಣದುದ್ದಕ್ಕೂ ಅದು ಕಾಲ ಬಳಿ ನೀರು ಸೋರುತ್ತಿತ್ತು. ಹೊಸ ತಂಡದವರು ಅವನನ್ನು ಮೊದಲು ಗುರುತಿಸಿದ್ದು ಮುಗ್ಗುಲು ವಾಸನೆಯಿಂದ.

ಆಟ ಸಂಜೆ ನಾಲ್ಕಕ್ಕೆ. ಮೈದಾನಕ್ಕೆ ದೀಪಗಳಿರಲಿಲ್ಲ. ಜುಲೈ ತಿಂಗಳು, ಸುಪೀರಿಯರ್ ಸರೋವರದ ಮೇಲೆ ಬೆಳಕು ಒಂಬತ್ತರ ತನಕ ಇರುತ್ತಿದ್ದುದರಿಂದ ಬೇಕೂ ಇರಲಿಲ್ಲ. ಲೈಲ್ ಕಾಲಿಗೆ ರಕ್ಷಾಕವಚ ಕಟ್ಟಿಕೊಳ್ಳುತ್ತಿದ್ದಾಗ ಕೆಲ್ವಿನ್ ಅರೊಯಾವೆ ಬಂದು ಪಕ್ಕದಲ್ಲಿ ಕುಳಿತ. ಇಪ್ಪತ್ತು ವರ್ಷ, ಟೆಕ್ಸಸ್‌ನ ಲರೇಡೊ ಊರಿನವನು, ಎಡಗೈ ಪಿಚರ್. ಎಸೆಯುವ ಮುಂಚೆ, ಎಸೆದ ಮೇಲೆ, ಊಟದ ನಡುವೆ ಸದಾ ಏನಾದರೊಂದು ಹಾಡು ಗುನುಗುತ್ತಿದ್ದ. ಅವತ್ತು ಹಾಡು ಇರಲಿಲ್ಲ.

"ಅಜ್ಜಾ, ನಮ್ಮನ್ನ ಮಾರ್ತೀರಂತೆ?"

ಲೈಲ್‌ನನ್ನು ಆತ ಕರೆಯುತ್ತಿದ್ದದ್ದೇ ಹಾಗೆ. "ಮಾರೋದಲ್ಲ ಕಣೋ, ಬದಲಾಯಿಸೋದು. ಇನ್ನೂ ಏನೂ ತೀರ್ಮಾನ ಆಗಿಲ್ಲ."

"ನೀನು ಹೂಂ ಅಂದ್ರೆ ಆಯ್ತಂತೆ."

ಲೈಲ್ ಕವಚದ ಪಟ್ಟಿಯನ್ನೇ ನೋಡುತ್ತ, "ಯಾರು ಹೇಳಿದ್ದು?" ಎಂದ.

"ಬೇಕರಿಯಲ್ಲಿ ಹೇಳಿದ್ರು. ಪ್ಯಾಸ್ಟಿ ಪುಕ್ಕಟೆ ಕೊಟ್ಟು ಹೇಳಿದ್ರು. ಚೆಂಡಿಂದು ಬಹಳ ಉಳಿದಿತ್ತಂತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ಆಚೆ ಬೆಂಚಿನ ತುದಿಯಲ್ಲಿ ಟೋಬಯಸ್ ವೆಂಗರ್ ಕುಳಿತು ಶೂಸಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಇಂಡಿಯಾನಾದ ಹಾಲಿನ ಫಾರಮ್ಮಿನ ಹುಡುಗ, ಆರೂವರೆ ಅಡಿ ಎತ್ತರ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವನ ಚೆಂಡಿಗೆ ಕೆಲ್ವಿನ್‌ನ ವೇಗ ಇರಲಿಲ್ಲ. ಬ್ಯಾಟಿನ ಹತ್ತಿರ ಬಂದಾಗ ಮೇಜಿನ ಅಂಚಿನಿಂದ ಉರುಳಿದ ಹಾಗೆ ಕೆಳಕ್ಕೆ ಬೀಳುತ್ತಿತ್ತು, ಅಷ್ಟೆ.

ಒಂಬತ್ತು ಇನಿಂಗ್ಸಿನ ಆಟದ ಮೊದಲನೆಯದರಲ್ಲೇ ಟ್ಯಾರಂಟ್ ಬ್ಯಾಟು ಹಿಡಿದು ಬಂದ. ಮೂವತ್ನಾಲ್ಕರ ಭಾರಿ ಆಳು, ಕೆಂಪು ಗಡ್ಡ. ಕಾಲಿನಿಂದ ಮಣ್ಣು ಸರಿಮಾಡಿಕೊಳ್ಳುತ್ತ ಲೈಲ್ ಕಡೆ ಬಗ್ಗಿದ.

"ಏನ್ ಲೈಲ್, ಮುಂದಿನ ವಾರದಿಂದ ನಿಮ್ಮೂರಿಗೇ ಬರ್ತೀನಂತೆ. ಮೀನು ಚೆನ್ನಾಗಿ ಸಿಗುತ್ತಾ ಇಲ್ಲಿ?"

"ಸಿಗುತ್ತೆ. ಬಾಯಿ ಮುಚ್ಚಿಕೊಂಡು ಕೂತ್ರೆ."

ಟ್ಯಾರಂಟ್ ನಕ್ಕ. ಕೆಟ್ಟ ಮನುಷ್ಯ ಏನಲ್ಲ. ಲೈಲ್ ಒಂದು ಬೆರಳು ಕೆಳಗೆ ತೋರಿಸಿದ: ವೇಗದ ಚೆಂಡು. ಕೆಲ್ವಿನ್ ಎಸೆದ. ಅದು ಲೈಲ್‌ನ ಕೈಗೆ ಬರಲೇ ಇಲ್ಲ. ಹೊಸದಾಗಿ ಬಣ್ಣ ಬಳಿದಿದ್ದ ಬೇಲಿಯ ಮೇಲೆ ಹಾದು, ಆಚೆಯ ಮರದ ಡಿಪೋದಲ್ಲಿ ಎಲ್ಲೋ ಬಿತ್ತು. ಆಗಲೇ ಓಟದ ದಾರಿಯ ಮೊದಲ ತಂಗುದಾಣದಲ್ಲಿ, ಅಂದರೆ ಮೊದಲ ಬೇಸಿನಲ್ಲಿ, ಒಬ್ಬನಿದ್ದುದರಿಂದ ಎರಡು ರನ್ ಹೋಯಿತು.

ಆಮೇಲೆ ನಡೆದದ್ದನ್ನು ಲೈಲ್ ಹದಿನೇಳು ವರ್ಷದಲ್ಲಿ ಎಲ್ಲೂ ನೋಡಿರಲಿಲ್ಲ. ಐರನ್ ಪಾಯಿಂಟಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎದುರಾಳಿಯ ಹೊಡೆತಕ್ಕೆ! ವಾಲ್ಟ್ ಟೋಪಿ ಬೀಸಿದ. ರೆನಾಟಾ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ್ದು ಬ್ಯಾಟುಗಾರ ನಿಲ್ಲುವ ಹೋಂ ಪ್ಲೇಟಿನವರೆಗೂ ಕೇಳಿಸಿತು. ಅವರ ಕಣ್ಣಿಗೆ ಟ್ಯಾರಂಟ್ ಆಗಲೇ ಸ್ಟರ್ಜನ್ಸ್‌ನ ನೀಲಿ ಅಂಗಿ ತೊಟ್ಟಾಗಿತ್ತು.

ಎಸೆಯುವ ದಿಬ್ಬದ ಮೇಲೆ ಕೆಲ್ವಿನ್ ಒಬ್ಬನೇ ನಿಂತು ಆ ಚಪ್ಪಾಳೆಯನ್ನು ಕೇಳಿಸಿಕೊಂಡ. ಲೈಲ್ ಎದ್ದು ಅವನ ಬಳಿ ನಡೆದ.

"ನಾನು ಅವರ ಹುಡುಗ ಅಂದ್ಕೊಂಡಿದ್ದೆ," ಎಂದ ಕೆಲ್ವಿನ್.

"ಹೂಂ. ಚೆಂಡು ತಗೋ."

ನಾಲ್ಕನೆಯ ಇನಿಂಗ್ಸಿನಲ್ಲಿ ಟ್ಯಾರಂಟ್ ಮತ್ತೆ ಬಂದಾಗ ಕೆಲ್ವಿನ್‌ನ ಕೈ ಹೆದರಿತ್ತು. ನಾಲ್ಕೂ ಚೆಂಡು ಹೊರಗೆ ಹಾಕಿ ಅವನನ್ನು ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿದ. ವಾಲ್ಟ್ ಹೇಳಿದ್ದೇ ಸರಿ ಎಂದು ಲೈಲ್‌ಗೆ ಅನ್ನಿಸಿತು. ಅದರ ಬೆನ್ನಿಗೇ, ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಹೂಂ ಎಂದುಬಿಟ್ಟರೆ ಸೆಪ್ಟೆಂಬರಿನಲ್ಲಿ ಕಪ್ ತನ್ನ ಕೈಯಲ್ಲಿರುತ್ತದೆ ಎಂಬ ಯೋಚನೆಯೂ ಬಂತು. ಅದೇನು ಪಾಪದ ಯೋಚನೆ ಅಲ್ಲವಲ್ಲ! ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕಿತ್ತು.

ಐದನೆಯದರಲ್ಲಿ ಸ್ಟರ್ಜನ್ಸ್ ಹೇಗೋ ತಿಣುಕಿ ಮೂರು ರನ್ ಮಾಡಿತು. ಆರನೆಯದರಲ್ಲಿ ಬೆಲ್ ಹಾರ್ಬರಿನ ಇಬ್ಬರು ಔಟಾಗಿ ಇನ್ನಿಬ್ಬರು ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ನಿಂತಿದ್ದಾಗ ಟ್ಯಾರಂಟ್ ಮೂರನೆಯ ಸಲ ಬ್ಯಾಟು ಹಿಡಿದು ಬಂದ. ಜನ ಮತ್ತೆ ಎದ್ದು ನಿಂತರು. ಯಾರ ಪರವಾಗಿ ನಿಂತಿದ್ದಾರೆಂದು ಅವರಿಗೇ ಗೊತ್ತಿದ್ದಂತಿರಲಿಲ್ಲ.

ಎರಡು ಸ್ಟ್ರೈಕ್ ಆಯಿತು, ಮೂರನೆಯದಾದರೆ ಔಟ್. ಎರಡು ಹೊರಗೆ ಹೋಯಿತು. ಲೈಲ್ ಒಂದು ಬೆರಳು ತೋರಿಸಿದ: ವೇಗ. ಅದನ್ನು ಬಿಟ್ಟರೆ ಕೆಲ್ವಿನ್ ಬಳಿ ನಂಬುವಂಥದ್ದು ಇನ್ನೇನಿತ್ತು?

ಕೆಲ್ವಿನ್ ತಲೆ ಅಡ್ಡ ಆಡಿಸಿದ.

ಲೈಲ್ ಕಣ್ಣು ಕಿರಿದು ಮಾಡಿ ನೋಡಿದ. ಈ ಹುಡುಗ ಇಡೀ ಬೇಸಿಗೆಯಲ್ಲಿ ಒಂದು ಸಲವೂ ಅವನ ಸನ್ನೆಗೆ ಬೇಡವೆಂದಿರಲಿಲ್ಲ. ಬೆವರು ಕಣ್ಣಿಗೆ ಹೋಗಿರಬೇಕೆಂದು ಮತ್ತೆ ಒಂದು ಬೆರಳು ತೋರಿಸಿದ. ಕೆಲ್ವಿನ್ ಮತ್ತೆ ತಲೆ ಆಡಿಸಿದ. ಬಾಗುವ ಚೆಂಡಿನ ಎರಡು ಬೆರಳಿಗೂ ಬೇಡವೆಂದ. ಉಳಿದದ್ದು ನಿಧಾನದ ಚೆಂಡು. ಮೇ ತಿಂಗಳಿಂದ ಬೆಳಿಗ್ಗೆ ಬೆಳಿಗ್ಗೆ ಲೈಲ್ ಅದನ್ನು ಅವನಿಗೆ ಕಲಿಸುತ್ತಿದ್ದ. ಅದೇ ತೋಳಿನ ಬೀಸು, ಅದೇ ಮುಖಭಾವ, ಆದರೆ ಚೆಂಡು ಮಾತ್ರ ಹಿಂದೆ ಉಳಿದುಬಿಡಬೇಕು. ಹತ್ತರಲ್ಲಿ ಏಳು ಸಲ ಅದು ಕೈಯಲ್ಲೇ ಸತ್ತು ಎಲ್ಲೋ ಬೀಳುತ್ತಿತ್ತು. ಪಂದ್ಯದಲ್ಲಿ ಇದುವರೆಗೆ ಒಂದು ಸಲವೂ ಎಸೆದಿರಲಿಲ್ಲ, ಎಸೆಯಲು ಲೈಲ್ ಕೇಳಿಯೂ ಇರಲಿಲ್ಲ.

ಹೋಗಲಿ ಅತ್ತ ಎಂದುಕೊಂಡು ನಾಲ್ಕು ಬೆರಳು ತೋರಿಸಿದ. ಕೆಲ್ವಿನ್ ತಲೆ ಬಗ್ಗಿಸಿದ. ತುಟಿ ಆಡುತ್ತಿತ್ತು. ಹಾಡುತ್ತಿದ್ದ ಬಡ್ಡೀಮಗ.

ಟ್ಯಾರಂಟ್ ಬ್ಯಾಟು ಬೀಸಿದಾಗ ಚೆಂಡು ಇನ್ನೂ ದಾರಿಯಲ್ಲೇ ಇತ್ತು. ಬೀಸಿದ ರಭಸಕ್ಕೆ ಪೂರ್ತಿ ಒಂದು ಸುತ್ತು ತಿರುಗಿ, ಒಂದು ಮೊಣಕಾಲು ಮಣ್ಣಿಗೂರಿ, ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರಿ ಕೂತುಬಿಟ್ಟ. ಅದಾದ ಮೇಲೆ ಚೆಂಡು ಹಾಯಾಗಿ ಬಂದು ಲೈಲ್‌ನ ಗ್ಲೌಸಿನೊಳಗೆ ಬಿತ್ತು.

"ಅಯ್ಯೋ ನಿನ್ನ!" ಎಂದ ಟ್ಯಾರಂಟ್, ನೆಲದ ಮೇಲಿಂದಲೇ. "ಇದನ್ನೆಲ್ಲಿ ಬಚ್ಚಿಟ್ಟಿದ್ರಿ?"

"ನಂಗೂ ಈಗಲೇ ಗೊತ್ತಾಗಿದ್ದು," ಎಂದ ಲೈಲ್.

ಆ ಪಂದ್ಯವನ್ನು ಸ್ಟರ್ಜನ್ಸ್ ಸೋತಿತು. ಒಂಬತ್ತನೆಯದರಲ್ಲಿ, ಕೆಲ್ವಿನ್‌ನ ಬದಲು ಬಂದಿದ್ದ ಟೋಬಯಸ್ ಎಸೆದ ಒಂದು ಚೆಂಡು ಬೀಳಬೇಕಾದಷ್ಟು ಬೀಳಲಿಲ್ಲ. ಒಬ್ಬ ಬೇಸಿನಲ್ಲಿದ್ದ, ಟ್ಯಾರಂಟ್ ಅದನ್ನು ಮತ್ತೆ ಮರದ ಡಿಪೋಗೆ ಕಳಿಸಿದ. ನಾಲ್ಕು-ಮೂರು. ಸ್ಟರ್ಜನ್ಸ್ ಕಡೆಯಿಂದ ಕೊನೆಯದಾಗಿ ಔಟಾದವನು ಸ್ವತಃ ಲೈಲ್. ಜನ ಎದ್ದು ಹೋಗುವಾಗ ಅವರ ಮುಖದಲ್ಲಿ ದುಃಖವೇ ಇರಲಿಲ್ಲ. ನೋಡಿದಿರಾ, ನಾವು ಹೇಳಲಿಲ್ಲವಾ ಎಂಬ ಸಮಾಧಾನವಿತ್ತು.

ಲೈಲ್ ಕವಚ ಬಿಚ್ಚುತ್ತಿದ್ದಾಗ ಟೋಬಯಸ್ ಬಂದು ಎದುರಿಗೆ ನಿಂತ. ಮುಖದಲ್ಲಿ ಹೋದ ವಾರ ಗೆದ್ದಾಗ ಇದ್ದ ಭಾವವೇ ಇತ್ತು.

"ಚೆಂಡು ಎರಡು ಬೆರಳಷ್ಟು ಮೇಲಾಯ್ತು," ಎಂದ.

"ಹೌದು. ಎರಡೇ ಬೆರಳು."

"ಮುಂದಿನ ಸಲ ಅವನಿಗೆ ಅದನ್ನೇ ಹಾಕ್ತೀನಿ." ಆ ದಿನದ ಮಾತಿನ ಲೆಕ್ಕ ಮುಗಿಸುವವನಂತೆ, "ಹಸಿವಾಗ್ತಿದೆ," ಎಂದ.

ಶುಕ್ರವಾರ ಬೆಳಿಗ್ಗೆ ಗ್ಯಾಲರಿಯ ಕೆಳಗಿನ ಆಫೀಸಿನಲ್ಲಿ ಆರ್ಡಿತ್ ಟೆಲಿಫೋನಿನ ಮುಂದೆ ಕೂತಿದ್ದರು. ಕೋಣೆಗೆ ಪಾಪ್‌ಕಾರ್ನ್ ಎಣ್ಣೆಯ ವಾಸನೆ. ಲೈಲ್ ಬಾಗಿಲಲ್ಲೇ ನಿಂತು ಹೇಳಿದ:

"ಕೊಡಬೇಡಿ ಟೀಚರ್."

"ಸೋತಿರಲ್ಲೋ ನಿನ್ನೆ! ಇಬ್ಬರಿಗೂ ಹೊಡೆದ ಅವನು."

"ಹೊಡೆದ. ಆದ್ರೆ ಕೆಲ್ವಿನ್ ನನ್ನ ಮಾತು ಕೇಳಲಿಲ್ಲ."

"ಅದು ಒಳ್ಳೇದಾ?"

"ಹೇಳಿದ್ದನ್ನ ಎಸೆಯೋರನ್ನ ಅರವತ್ತು ಜನಾನ ನೋಡಿದ್ದೀನಿ. ಊರಿಗೂರೇ ಎದುರಾಳಿಗೆ ಚಪ್ಪಾಳೆ ಹೊಡೀತಿರುವಾಗ, ಇಪ್ಪತ್ತು ವರ್ಷದ ಹುಡುಗ ಮೂವತ್ತೆಂಟರ ಕ್ಯಾಚರ್‌ಗೆ ಮೂರು ಸಲ ಬೇಡ ಅಂದು, ತನಗೇ ಸರಿಯಾಗಿ ಬರದ ಚೆಂಡು ಎಸೆದ. ಅಂಥವನನ್ನ ನಾನು ನೋಡಿರಲಿಲ್ಲ." ಲೈಲ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಇನ್ನೊಬ್ಬ ಪಂದ್ಯ ಸೋಲಿಸಿ ಬಂದು ಮೂರು ತಟ್ಟೆ ಊಟ ಮಾಡಿದ. ಅವನಿಗೆ ಭಯ ಅನ್ನೋದು ಹೇಗಿರುತ್ತೆ ಅಂತಾನೇ ಗೊತ್ತಿಲ್ಲ. ಇವರು ನಿಜ, ಟೀಚರ್. ನಮ್ಮ ಹತ್ರ ಎಷ್ಟು ದಿನ ಇರ್ತಾರೋ ಗೊತ್ತಿಲ್ಲ. ಆದ್ರೆ ನಿಜ."

"ನಿನಗೆ ಕಪ್ ಬೇಡ್ವೇನೋ?"

"ಬೇಕು," ಎಂದ ಲೈಲ್. "ಬಹಳ ಬೇಕು."

ಆರ್ಡಿತ್ ಫೋನೆತ್ತಿ ಬೆಲ್ ಹಾರ್ಬರಿಗೆ ಬೇಡವೆಂದು ಹೇಳಿದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬೆಲ್ ಹಾರ್ಬರಿನವರು ಟ್ಯಾರಂಟ್‌ನನ್ನು ಸಿಲ್ವರ್ ಲೇಕಿಗೆ ಕೊಟ್ಟರು. ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡಕ್ಕೇ.

ಆ ವಾರ ಐರನ್ ಪಾಯಿಂಟಿನಲ್ಲಿ ಲೈಲ್‌ನ ಬದುಕು ಸುಲಭವಾಗಿರಲಿಲ್ಲ. ಕ್ಷೌರಕ್ಕೆ ಹೋದರೆ ವಾಲ್ಟ್ ಒಂದೇ ಕಡೆಯ ಕೆನ್ನೆಗೂದಲು ಕತ್ತರಿಸಿ, "ಇನ್ನೊಂದು ಕಡೆದು ಟ್ಯಾರಂಟ್ ಬಂದ್ಮೇಲೆ," ಎಂದು ಕಳಿಸಿದ. ರೆನಾಟಾ ಐಸಿನ ಚೀಲವನ್ನು ಮೇಜಿನ ಮೇಲೆ ಕುಕ್ಕಿ, "ನೀನೇ ಕಟ್ಕೋ," ಎಂದಳು. ಎರಡು ದಿನ ಆತನೇ ಕಟ್ಟಿಕೊಂಡ. ಮೂರನೆಯ ದಿನ ಅವನು ಕಟ್ಟುವ ಸೊಟ್ಟ ಗಂಟನ್ನು ನೋಡಲಾರದೆ ಅವಳೇ ಬಂದು ಕಟ್ಟಿದಳು.

ಆದರೆ ಆಗಸ್ಟ್ ತಿಂಗಳು ಬೇರೆಯೇ ಆಯಿತು. ಕೆಲ್ವಿನ್ ಆ ನಿಧಾನದ ಚೆಂಡನ್ನು ಎಲ್ಲರಿಗೂ ಎಸೆಯತೊಡಗಿದ. ಎದುರಾಳಿಗಳು ಸಾಲಾಗಿ ಬಂದು ಗಾಳಿಗೆ ಬೀಸಿ, ತಮ್ಮನ್ನು ತಾವೇ ಬೈದುಕೊಂಡು ಹೋದರು. ಅವನು ಎಸೆಯುವ ದಿನ ಜನ ಊಟ ಕಟ್ಟಿಕೊಂಡು ಬೇಗ ಬರತೊಡಗಿದರು. ಹಾಡು ಗೊತ್ತಿಲ್ಲದಿದ್ದರೂ ಅವನ ತುಟಿ ನೋಡಿಕೊಂಡು ಗ್ಯಾಲರಿಯೂ ಗುನುಗುತ್ತಿತ್ತು. ಐನೋ ಬ್ಯಾಟಿನ ಗುರುತು ಹಾಕುವುದನ್ನೇ ನಿಲ್ಲಿಸಿದಳು. ವಾಲ್ಟ್ ಏನನ್ನೂ ಒಪ್ಪಿಕೊಳ್ಳದೆ ಇನ್ನೊಂದು ಕಡೆಯ ಕೂದಲನ್ನೂ ಕತ್ತರಿಸಿದ.

ತಿಂಗಳ ನಡುವೆ ಒಂದು ಬೆಳಿಗ್ಗೆ ಕೆಲ್ವಿನ್ ಲೈಲ್‌ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ದೊಡ್ಡ ಲೀಗಿನ ಒಂದು ತಂಡ ಅವನನ್ನು ತೆಗೆದುಕೊಂಡಿತ್ತು. ಮೊದಲು ಅವರ ಕಿರಿಯ ತಂಡಕ್ಕೆ, ಟೆನ್ನೆಸ್ಸೀ ರಾಜ್ಯಕ್ಕೆ ಹೋಗಬೇಕು. ಬಸ್ಸು ಮಧ್ಯಾಹ್ನ.

"ಅಜ್ಜಾ, ಫೈನಲ್ ಇದೆಯಲ್ಲ. ನಾನು ಹೋಗಲ್ಲ ಅಂತ ಹೇಳಲಾ?"

"ಹೇಳು. ಹೇಳಿ ನೋಡು. ನಾನೇ ನಿನ್ನ ಕಾಲು ಮುರೀತೀನಿ," ಎಂದ ಲೈಲ್. ಹಾಗೆನ್ನುವಾಗ ಅವನಿಗೆ ಬಹಳ ಸಂತೋಷವಾಗಿತ್ತು. ದೊಡ್ಡ ಲೀಗ್ ಮುಟ್ಟಿದವರು ಇಬ್ಬರು ಎಂದು ಇದುವರೆಗೆ ಎಣಿಸುತ್ತಿದ್ದ ಲೆಕ್ಕ ಈಗ ಮೂರಾಗಬಹುದಿತ್ತು.

ರೆನಾಟಾ ಹೋಗಿ ಕೆಲ್ವಿನ್‌ನ ಬಾಡಿಗೆ ಕೋಣೆಯಿಂದ ಅವನ ಬಟ್ಟೆಗಳನ್ನೆಲ್ಲ ಬಾಚಿ ತಂದಳು. ತೊಳೆದಳು, ಮೆಷಿನ್ನಿನಲ್ಲಿ ಒಣಗಿಸಿದಳು, ಸಾಲದೆಂದು ಇಸ್ತ್ರಿಯನ್ನೂ ಹಾಕಿದಳು. ಕಾಲುಚೀಲಗಳಿಗೂ ಹಾಕಿದಳು. ಮಧ್ಯಾಹ್ನ ಬಸ್ಸಿನ ಬಾಗಿಲಲ್ಲಿ ಮಡಿಸಿದ ಬೆಚ್ಚನೆಯ ಬಟ್ಟೆಗಳ ಚೀಲವನ್ನು ಅವನ ಎದೆಗೆ ತಳ್ಳಿ, "ಒಂದೂ ಒದ್ದೆ ಇಲ್ಲ, ನೋಡ್ಕೋ," ಎಂದಳು. ಕೆಲ್ವಿನ್‌ಗೆ ಅದರ ಅರ್ಥ ಆಗಲಿಲ್ಲ. ಲೈಲ್ ಸರೋವರದ ಕಡೆ ತಿರುಗಿ ನಿಂತಿದ್ದ.

ಹೀಗೆ ಟ್ಯಾರಂಟೂ ಇಲ್ಲ, ಕೆಲ್ವಿನ್ನೂ ಇಲ್ಲ ಎಂಬ ಸ್ಥಿತಿಯಲ್ಲಿ ಸ್ಟರ್ಜನ್ಸ್ ಫೈನಲ್‌ಗೆ ಬಂತು. ಎದುರಿಗೆ ಸಿಲ್ವರ್ ಲೇಕ್. ನಾಲ್ಕು ಪಂದ್ಯಗಳಲ್ಲಿ ಎರಡೆರಡು ಗೆದ್ದಾಗಿತ್ತು. ಐದನೆಯದು ಸೆಪ್ಟೆಂಬರಿನ ಮೊದಲ ಸೋಮವಾರ, ಅಲ್ಲಿನ ಕಾರ್ಮಿಕ ದಿನದ ರಜೆಯಂದು, ಐರನ್ ಪಾಯಿಂಟಿನಲ್ಲಿ. ಗ್ಯಾಲರಿ ತುಂಬಿ, ಉಳಿದವರು ಮರದ ಡಿಪೋದ ದಿಮ್ಮಿಗಳ ಮೇಲೆ ಹತ್ತಿ ಕೂತಿದ್ದರು. ಟೋಬಯಸ್ ಮೊದಲಿಂದ ಕೊನೆಯವರೆಗೆ ತಾನೇ ಎಸೆಯುತ್ತೇನೆಂದು ಎರಡೇ ಪದದಲ್ಲಿ ಹೇಳಿದ್ದ. ಹಾಗೇ ಎಸೆದ. ಒಂಬತ್ತನೆಯ ಇನಿಂಗ್ಸಿಗೆ ಬಂದಾಗ ಸ್ಟರ್ಜನ್ಸ್ ಎರಡು, ಸಿಲ್ವರ್ ಲೇಕ್ ಒಂದು. ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಕಪ್ ಸ್ಟರ್ಜನ್ಸ್‌ನದು. ಸಿಲ್ವರ್ ಲೇಕಿನ ಒಬ್ಬ ಮೂರನೆಯ ಬೇಸಿನಲ್ಲಿ. ಬ್ಯಾಟು ಹಿಡಿದು ಬಂದವನು ಟ್ಯಾರಂಟ್.

ಈ ಸಲ ಯಾರೂ ಅವನಿಗೆ ಚಪ್ಪಾಳೆ ಹೊಡೆಯಲಿಲ್ಲ.

"ಲೈಲ್," ಎಂದ ಟ್ಯಾರಂಟ್ ಮಣ್ಣು ಸರಿಮಾಡಿಕೊಳ್ಳುತ್ತ, "ಕಾಲು ಹೇಗಿದೆ?"

"ಇದೆ. ನಿನ್ನದು?"

"ಇದೆ."

ಸನ್ನೆ ಮಾಡುವ ಮುಂಚೆಯೇ, ಬರುವುದು ಅದೇ ಕೆಳಕ್ಕೆ ಬೀಳುವ ಚೆಂಡೆಂದು ಲೈಲ್‌ಗೆ ಗೊತ್ತಿತ್ತು. ಟೋಬಯಸ್‌ಗೂ ಗೊತ್ತಿತ್ತು. ಬಹುಶಃ ಟ್ಯಾರಂಟ್‌ಗೂ ಗೊತ್ತಿತ್ತು. ಚೆಂಡು ಎದೆಯ ಎತ್ತರಕ್ಕೆ ಬಂದು, ಬ್ಯಾಟು ಹೊರಟ ಮೇಲೆ, ನೆಲ ಸೇರುವ ಮನಸ್ಸು ಮಾಡಿತು. ಬ್ಯಾಟು ಅದರ ನೆತ್ತಿಗೆ ಮಾತ್ರ ತಗುಲಿತು. ಚೆಂಡು ಹೋಂ ಪ್ಲೇಟಿನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ಹುಲ್ಲಿನ ಮೇಲೆ ಸೋಮಾರಿಯಾಗಿ ಉರುಳುತ್ತಿತ್ತು.

ಆಮೇಲೆ ಲೀಗಿನ ಅತಿ ನಿಧಾನದ ಇಬ್ಬರು ಮನುಷ್ಯರು ಓಡಿದರು. ಟ್ಯಾರಂಟ್ ಮೊದಲ ಬೇಸಿನ ಕಡೆಗೆ, ಲೈಲ್ ಚೆಂಡಿನ ಕಡೆಗೆ. ಐರನ್ ಪಾಯಿಂಟಿನ ಜನರೆಲ್ಲ ಒಟ್ಟಿಗೆ ಕಿರುಚಿದರು. ಅದರ ಮೇಲೂ ಶಾಲೆಯ ಬಸ್ಸಿನ ಆ ಗಂಟಲು ಕೇಳಿಸಿತು: "ಬಗ್ಗೋ! ಬಗ್ಗೋ ನನ್ನಪ್ಪಾ!" ಲೈಲ್ ಬಗ್ಗಿದ. ಬರಿಗೈಯಲ್ಲಿ ಚೆಂಡು ಬಾಚಿ, ನೆಟ್ಟಗಾಗಲೂ ಕಾಯದೆ ಬಗ್ಗಿದಲ್ಲಿಂದಲೇ ಎಸೆದು, ಎಸೆದ ಭರಕ್ಕೆ ಮುಂದಕ್ಕೆ ಬಿದ್ದ. ಹುಲ್ಲಿನಲ್ಲಿ ಮುಖವಿಟ್ಟು ಬಿದ್ದಿದ್ದರಿಂದ ಟ್ಯಾರಂಟ್‌ನ ಕಾಲಿಗಿಂತ ಒಂದು ಗೇಣು ಮುಂಚೆ ಚೆಂಡು ಬೇಸು ಮುಟ್ಟಿ ಆತ ಔಟಾದದ್ದನ್ನು ಲೈಲ್ ನೋಡಲಿಲ್ಲ. ಸದ್ದಿನಿಂದ ತಿಳಿದುಕೊಂಡ.

ಜನ ಬೇಲಿ ಹಾರಿ ಒಳಗೆ ಬಂದರು. ವಾಲ್ಟ್ ಮ್ಯಾಸ್ಕಟ್ ಮೀನನ್ನು ತಬ್ಬಿಕೊಂಡು ಅಳುತ್ತಿದ್ದ. ಆರ್ಡಿತ್ ಟೀಚರ್ ಕಪ್ಪನ್ನು ಮಗುವಿನ ಹಾಗೆ ಸೊಂಟದ ಮೇಲೆ ಎತ್ತಿಕೊಂಡು ಲೈಲ್‌ಗಾಗಿ ಹುಡುಕುತ್ತಿದ್ದರು. ರೆನಾಟಾ ಗ್ಯಾಲರಿಯಿಂದ ಮೂರು ಮೂರು ಮೆಟ್ಟಿಲು ಹಾರಿ ಇಳಿಯುತ್ತಿದ್ದಳು. ಲೈಲ್ ಎದ್ದೇಳಲು ನೋಡಿದ, ಮೊಣಕಾಲು ಒಪ್ಪಲಿಲ್ಲ. ಹೊರಳಿ, ಅಲ್ಲೇ ಕಾಲು ಚಾಚಿ ಕೂತ. ಅವನ ಮೇಲೆ ಒಂದು ಉದ್ದದ ನೆರಳು ಬಿತ್ತು. ಟೋಬಯಸ್ ಬಂದವನೇ ಕವಚದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಪಕ್ಕಕ್ಕಿಟ್ಟು, ತಾನೂ ಹುಲ್ಲಿನ ಮೇಲೆ ಕೂತ.

ಗದ್ದಲ ಇನ್ನೂ ಅವರ ತನಕ ಬಂದು ತಲುಪಿರಲಿಲ್ಲ. ಆಚೆ ಎರಡನೆಯ ಬೇಸನ್ನು ಗುರುತಿಸುವ ಬಿಳಿ ಚೀಲದ ಮೇಲೆ ಸರೋವರದ ಕಡೆಯಿಂದ ಹಾರಿಬಂದ ಒಂದು ಬೂದು ಹಕ್ಕಿ ಇಳಿದು ಕೂತಿತು. ಅತ್ತ ನೋಡಿತು, ಇತ್ತ ನೋಡಿತು, ರೆಕ್ಕೆಗಳನ್ನು ಸರಿಯಾಗಿ ಮಡಿಸಿಕೊಂಡಿತು.